ಸಂಚಾರದ ವಿದ್ಯೆ: ಗ್ರಾಫ್ ಸಿದ್ಧಾಂತದಲ್ಲಿ ಡಾಕ್ಟರೇಟೋತ್ತರ ಸಂಶೋಧನೆಯ ಅವಕಾಶಗಳು

ಚದುರಂಗದ ಮಣೆಯ 64 ಮನೆಗಳಲ್ಲಿ ಪ್ರತಿಯೊಂದರ ಮೇಲೂ ಒಂದಲ್ಲ ಒಂದು ರಾಣಿಯ ಹಿಡಿತವಿರಬೇಕಾದರೆ ಕನಿಷ್ಠಪಕ್ಷ ಎಷ್ಟು ರಾಣಿಗಳನ್ನು ಇರಿಸಬೇಕೆಂಬ ವಿನೋದಪ್ರಶ್ನೆಯೊಂದನ್ನು ರಷ್ಯದ ಯೇನಿಷ್ ಎಂಬ ಚದುರಂಗ ಪಂಡಿತನು 1862ರಲ್ಲಿ ಎತ್ತಿದನು. ಐದು ರಾಣಿಗಳು ಸಾಕು ಎಂಬುದು ಅದರ ಉತ್ತರ. ಸುಮಾರು ಒಂದು ಶತಮಾನದ ಕಾಲ ಬಿಡುವಿನ ವೇಳೆಯ ಬುದ್ಧಿವಿಲಾಸಕ್ಕಷ್ಟೇ ವಿಷಯವಾಗಿದ್ದ ಈ ಪ್ರಶ್ನೆಯನ್ನು ಫ್ರಾನ್ಸಿನ ಕ್ಲೋಡ್ ಬೆರ್ಜ್ 1958ರಲ್ಲಿಯೂ, ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಯ್‌ಸ್ಟೀನ್ ಓರೆ 1962ರಲ್ಲಿಯೂ ತಮ್ಮ ಗ್ರಂಥಗಳಲ್ಲಿ ಸಾಮಾನ್ಯರೂಪಕ್ಕೆ ತಂದು, ಗ್ರಾಫ್ ಸಿದ್ಧಾಂತದ ಒಂದು ಗಂಭೀರ ಪ್ರಕರಣವನ್ನಾಗಿ ಮಾಡಿದರು. ಕೆಲವು ಬಿಂದುಗಳು, ಅವುಗಳನ್ನು ಎರಡೆರಡಾಗಿ ಜೋಡಿಸುವ ಕೆಲವು ಗೆರೆಗಳು: ಇಷ್ಟೇ ಗ್ರಾಫ್ ಎಂದರೆ. ಉಳಿದ ಪ್ರತಿಯೊಂದು ಬಿಂದುವಿಗೂ ನೆರೆಯಲ್ಲಿ ಒಂದಾದರೂ ಆಯ್ದ ಬಿಂದು ಇರುವಂತೆ ಅತ್ಯಲ್ಪ ಸಂಖ್ಯೆಯ ಬಿಂದುಗಳನ್ನು ಆಯುವುದೇ ಪ್ರಾಬಲ್ಯದ ಸಮಸ್ಯೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲಿಕಾರ ಅವರು 1979ರಲ್ಲಿ ಈ ಸಮಸ್ಯೆಗೆ ಮತ್ತೊಂದು ನಿಬಂಧನೆಯನ್ನು ಸೇರಿಸಿದರು. ಆಯ್ದ ಬಿಂದುಗಳು ಉಳಿದವುಗಳನ್ನು ಕಾಯುವುದಷ್ಟೇ ಸಾಲದು, ತಮ್ಮತಮ್ಮೊಳಗೂ ಒಂದರಿಂದ ಮತ್ತೊಂದಕ್ಕೆ ದಾರಿಯಿರುವಂತೆ ಕೂಡಿಕೊಂಡಿರಬೇಕು ಎಂಬುದೇ ಆ ನಿಬಂಧನೆ. ಅವರು ಆರಂಭಿಸಿದ ಸಂಬದ್ಧ ಪ್ರಾಬಲ್ಯದ ಕಲ್ಪನೆ ಶುದ್ಧ ಗಣಿತದ ಕಲ್ಪನೆ. ಆದರೆ ಮುಂದೆ ಗೋಪುರಗಳ ಆಸರೆಯಿಲ್ಲದೆ ಒಂದು ಉಪಕರಣದಿಂದ ಮತ್ತೊಂದಕ್ಕೆ ಸಂದೇಶವನ್ನು ಹಾಯಿಸುವ ನಿಸ್ತಂತು ಜಾಲಗಳು ಬಂದಾಗ, ಎಲ್ಲ ಉಪಕರಣಗಳೂ ಎಲ್ಲ ಹೊತ್ತಿನಲ್ಲಿಯೂ ಮಾತನಾಡಿ ತಮ್ಮ ವಿದ್ಯುತ್ತನ್ನು ವ್ಯಯಮಾಡಿಕೊಳ್ಳದಂತೆ ಸಂದೇಶವಹನದ ಭಾರವನ್ನು ಹೊರತಕ್ಕ ಒಂದು ಬೆನ್ನೆಲುಬನ್ನು ಆರಿಸಬೇಕಾಗಿ ಬಂತು. ಆ ಬೆನ್ನೆಲುಬು ಧಾರವಾಡದಲ್ಲಿ ನಿರೂಪಿತವಾದ ಸಂಬದ್ಧ ಪ್ರಾಬಲ್ಯಗಣವೇ ಆಗಿತ್ತು. ಅತ್ಯಂತ ಚಿಕ್ಕ ಗಣವನ್ನು ಹುಡುಕುವುದು ಗಣಕಯಂತ್ರಕ್ಕೂ ದುಸ್ಸಾಧ್ಯವಾದ ವರ್ಗಕ್ಕೆ ಸೇರಿದ ಕಾರ್ಯವಾದುದರಿಂದ, ಅದಕ್ಕೆ ಸಮೀಪದ ಗಣವನ್ನು ಶೀಘ್ರವಾಗಿ ಕಂಡುಹಿಡಿಯುವ ವಿಧಾನಗಳನ್ನು ಸುದೀಪ್ತೋ ಗುಹಾ ಮತ್ತು ಸಮೀರ್ ಖುಲ್ಲರ್ 1998ರಲ್ಲಿ ಪ್ರಕಟಿಸಿದರು. ಜಾಲಗಳ ಎಂಜಿನಿಯರುಗಳು ಆ ಮಾರ್ಗವನ್ನು ಹಿಡಿದು ಬಹುದೂರ ನಡೆದರು.

ಕಲ್ಪನೆಯೊಂದು ಹುಟ್ಟಿದ ಊರಿನಿಂದ ತಾನಾಗಿಯೇ ಹೊರಟು ಬೇರೊಂದು ಶಾಸ್ತ್ರದ ಬಾಗಿಲನ್ನು ತಟ್ಟಲಾರದು. ಎರಡು ಮನೆಗಳ ಮಾತನ್ನೂ ಬಲ್ಲವನೊಬ್ಬನು ಅದನ್ನು ಒಯ್ಯಬೇಕಾಗುತ್ತದೆ. ಗಣಿತ ಮತ್ತು ಗಣನ ವಿಜ್ಞಾನಗಳಲ್ಲಿ ಅಂತಹ ವ್ಯಕ್ತಿಗಳು ರೂಪುಗೊಳ್ಳುವುದು ಬಹುಮಟ್ಟಿಗೆ ಪಿಎಚ್.ಡಿ. ಪದವಿ ಕೈಗೆ ಬಂದ ಮೇಲೆ, ಸ್ಥಿರವಾದ ಉದ್ಯೋಗ ದೊರೆಯುವುದಕ್ಕೆ ಮುನ್ನ, ಎರಡು ಅಥವಾ ಮೂರು ವರ್ಷಗಳ ಒಂದು ಅಸ್ಥಿರ ಅವಧಿಯಲ್ಲಿ. ಪೋಸ್ಟ್‌ಡಾಕ್ ಎಂದು ಎಲ್ಲರೂ ಕರೆಯುವ ಈ ಡಾಕ್ಟರೇಟೋತ್ತರ ಅವಧಿಯನ್ನು ನಮ್ಮಲ್ಲಿ ಅನೇಕರು ನೌಕರಿ ದೊರೆಯುವತನಕ ಕಾಲ ಕಳೆಯುವ ಹಜಾರವೆಂದು ಭಾವಿಸುವುದುಂಟು. ಆ ಭಾವನೆ ಸಾಧುವಲ್ಲವೆಂಬುದನ್ನು ಗ್ರಾಫ್ ಸಿದ್ಧಾಂತದ ಇತಿಹಾಸವೇ ತೋರಿಸಿಕೊಡುತ್ತದೆ.

ಎರಡು ಶಾಸ್ತ್ರಗಳ ನಂಟು

ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಊರು ಸುತ್ತುವುದು ಅಸಾಧ್ಯವೆಂದು 1735ರಲ್ಲಿ ಆಯ್ಲರ್ ತೋರಿಸಿದಂದಿನಿಂದ ಈ ಶಾಸ್ತ್ರದ ಚರಿತ್ರೆಯನ್ನು ಹೇಳುವುದು ರೂಢಿ. ಆದರೆ ಅದು ಲೋಕವ್ಯವಹಾರಕ್ಕೆ ಬೇಕಾದ ವಿದ್ಯೆಯಾಗಿ ಬೆಳೆದುದು ವಿದ್ಯುನ್ಮಂಡಲಗಳನ್ನು ಕುರಿತು 1847ರಲ್ಲಿ ಬರೆದ ಕಿರ್ಖಾಫ್‌ನಿಂದ, ರಾಸಾಯನಿಕ ಅಣುಗಳ ರಚನೆಗಳನ್ನು ಎಣಿಸಹೊರಟ ಕೇಲಿಯಿಂದ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಕಯಂತ್ರವು ಅದರ ಜೊತೆಗೂಡಿತು. ಭೂಪಟದ ಯಾವ ಎರಡು ನೆರೆಯ ಪ್ರದೇಶಗಳಿಗೂ ಒಂದೇ ಬಣ್ಣ ಬಾರದಂತೆ ಬಳಿಯಲು ನಾಲ್ಕು ಬಣ್ಣಗಳು ಸಾಕೇ ಎಂದು 1852ರಲ್ಲಿ ಫ್ರಾನ್ಸಿಸ್ ಗಥ್ರಿ ಕೇಳಿದ ಪ್ರಶ್ನೆಗೆ, ಇಲಿನಾಯ್ ವಿಶ್ವವಿದ್ಯಾಲಯದ ಅಪೆಲ್ ಮತ್ತು ಹಾಕೆನ್ 1976ರಲ್ಲಿ ಸಾಕೆಂಬ ಉತ್ತರವನ್ನು ಸಾಧಿಸಿದಾಗ, ಮನುಷ್ಯಮಾತ್ರರು ಕೈಯಿಂದ ಪರಿಶೀಲಿಸಿ ಮುಗಿಸಲಾರದಷ್ಟು ಸಂಖ್ಯೆಯ ವಿನ್ಯಾಸಗಳನ್ನು ಯಂತ್ರವೇ ಪರಿಶೀಲಿಸಬೇಕಾಯಿತು. ಇದನ್ನು ಪ್ರಮಾಣವೆನ್ನಬಹುದೇ ಎಂಬ ಜಿಜ್ಞಾಸೆ ಬಹುಕಾಲ ನಡೆದು, 2005ರಲ್ಲಿ ಜಾರ್ಜ್ ಗಾಂತಿಯೆ ಆ ಪ್ರಮಾಣವನ್ನು ಆದ್ಯಂತವಾಗಿ ಯಂತ್ರಪರೀಕ್ಷಿತ ತರ್ಕಕ್ಕೆ ಇಳಿಸಿದ ಮೇಲೆ ಶಮನವಾಯಿತೆನ್ನಬಹುದು.

ಗಣಕವು ಗ್ರಾಫ್ ಸಿದ್ಧಾಂತಕ್ಕೆ ಮಾಡಿದ ಉಪಕಾರ ಇಂಥದು. ಗ್ರಾಫ್ ಸಿದ್ಧಾಂತವು ಗಣನ ವಿಜ್ಞಾನಕ್ಕೆ ಮಾಡಿದ ಪ್ರತ್ಯುಪಕಾರ ಸಾಮಾನ್ಯರ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಹವಾಮಾನದ ಮುನ್ಸೂಚನೆಯಾಗಲಿ ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಒತ್ತಡವಾಗಲಿ, ಅದನ್ನು ಗಣಿಸಬೇಕಾದರೆ ಲಕ್ಷಾಂತರ ಸಮೀಕರಣಗಳನ್ನು ಏಕಕಾಲದಲ್ಲಿ ಬಿಡಿಸಬೇಕಾಗುತ್ತದೆ. ಆ ಸಮೀಕರಣಗಳಲ್ಲಿ ಹೆಚ್ಚಿನ ಗುಣಾಂಕಗಳು ಸೊನ್ನೆಯಾಗಿರುವುದರಿಂದ, ಅವ್ಯಕ್ತಗಳನ್ನು ಯಾವ ಕ್ರಮದಲ್ಲಿ ಲೋಪಗೊಳಿಸಿದರೆ ಸೊನ್ನೆಗಳು ಉಳಿದು ಶ್ರಮ ಕಡಿಮೆಯಾದೀತೆಂಬುದೇ ಅಲ್ಲಿಯ ಮುಖ್ಯಪ್ರಶ್ನೆ. ಇದು ವಸ್ತುತಃ ಗ್ರಾಫಿನ ಪ್ರಶ್ನೆಯೆಂದು ಸೀಮೋರ್ ಪಾರ್ಟರ್ 1961ರಲ್ಲಿಯೇ ತೋರಿಸಿದ್ದನು. ಹಾಗೆಯೇ ಸಾವಿರಾರು ಸಂಸ್ಕಾರಕಗಳುಳ್ಳ ಮಹಾಗಣಕಕ್ಕೆ ಕೆಲಸವನ್ನು ಹಂಚುವಾಗ ಎಲ್ಲಕ್ಕೂ ಸಮಭಾರ ಬರಬೇಕು, ಒಂದು ಮತ್ತೊಂದರೊಡನೆ ಆಡಬೇಕಾದ ಮಾತು ಅತ್ಯಲ್ಪವಾಗಿರಬೇಕು. ಗ್ರಾಫನ್ನು ಸಮಭಾಗಗಳಾಗಿ ಕಡಿದು, ಕಡಿಯಲ್ಪಡುವ ಗೆರೆಗಳ ಸಂಖ್ಯೆಯನ್ನು ತಗ್ಗಿಸುವ ವಿದ್ಯೆಯೇ ಇದು. 1990ರ ದಶಕದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಕಾರಿಪಿಸ್ ಮತ್ತು ವಿಪಿನ್ ಕುಮಾರ್ ಅದಕ್ಕಾಗಿ ರಚಿಸಿದ ಮೆಟಿಸ್ ತಂತ್ರಾಂಶವು ಇಂದಿಗೂ ಬಳಕೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್, ಒಂದರ ಮುಂದೆ ಹದಿನೈದು ಸೊನ್ನೆಗಳನ್ನಿರಿಸಿದ ಸಂಖ್ಯೆಯ ಮೂರು ಪಟ್ಟಿಗೂ ಮಿಕ್ಕ ಲೆಕ್ಕಗಳನ್ನು ಅದು ಒಂದೊಂದು ಸೆಕೆಂಡಿನಲ್ಲಿ ಮಾಡಬಲ್ಲುದು. ಆದರೆ ಕೆಲಸದ ಹಂಚಿಕೆ ಸಮರ್ಪಕವಾಗಿರದಿದ್ದರೆ ಅಷ್ಟು ಸಾಮರ್ಥ್ಯದ ಬಹುಭಾಗವು ಒಂದು ಸಂಸ್ಕಾರಕ ಮತ್ತೊಂದಕ್ಕಾಗಿ ಕಾಯುವುದರಲ್ಲಿಯೇ ಸವೆದುಹೋಗುತ್ತದೆ.

ಯಂತ್ರದ ಶಕ್ತಿಗೂ ಮಿತಿಯುಂಟು. ಯಾವುದೇ ಆರು ಜನರ ಕೂಟದಲ್ಲಿ ಪರಸ್ಪರ ಪರಿಚಿತರಾದ ಮೂವರೋ ಪರಸ್ಪರ ಅಪರಿಚಿತರಾದ ಮೂವರೋ ಇದ್ದೇ ಇರುತ್ತಾರೆ. ಮೂವರ ಬದಲು ನಾಲ್ವರನ್ನು ಕೇಳಿದರೆ ಕೂಟದಲ್ಲಿ 18 ಜನರಿರಬೇಕೆಂದು 1955ರಲ್ಲಿ ಸಿದ್ಧವಾಯಿತು. ಐವರನ್ನು ಕೇಳಿದರೆ ಉತ್ತರವು 43ಕ್ಕೆ ಕಡಿಮೆಯಲ್ಲ, 46ಕ್ಕೆ ಹೆಚ್ಚಲ್ಲ ಎಂಬಷ್ಟನ್ನು ಮಾತ್ರ, ಅದೂ 2024ರ ಹೊತ್ತಿಗೆ, ಗಣಕದ ನೆರವಿನಿಂದ ಅರಿಯಲಾಗಿದೆ. ರ‍್ಯಾಮ್ಸೆ ಸಂಖ್ಯೆಗಳೆನಿಸುವ ಇವುಗಳಲ್ಲಿ ಯಂತ್ರಬಲಕ್ಕಿಂತ ಹೊಸ ಉಪಾಯವೇ ಹೆಚ್ಚು ಕೆಲಸಕ್ಕೆ ಬರುವುದು. ಆ ಉಪಾಯ ಅನೇಕ ವೇಳೆ ನೆರೆಯ ಶಾಸ್ತ್ರದಿಂದ ಬರುತ್ತದೆ.

ಅಸ್ಥಿರ ಅವಧಿಯ ಫಲಗಳು

ಪದವಿಯ ತರುವಾಯದ ಈ ಶಿಷ್ಯವೃತ್ತಿ ಪ್ರಾಚೀನವಾದುದೇನೂ ಅಲ್ಲ. ಮೊದಲನೆಯ ಮಹಾಯುದ್ಧ ಮುಗಿದೊಡನೆ, 1919ರಲ್ಲಿ, ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು ರಾಕ್‌ಫೆಲರ್ ಪ್ರತಿಷ್ಠಾನದ ದ್ರವ್ಯದಿಂದ ಭೌತ ಮತ್ತು ರಸಾಯನ ಶಾಸ್ತ್ರಗಳ ತರುಣ ಪದವೀಧರರಿಗಾಗಿ ಇದನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಗಣಿತವೂ ಅದರ ವ್ಯಾಪ್ತಿಗೆ ಬಂದಿತು. ಗಣನೆಯ ಮಿತಿಗಳನ್ನು ಮುಂದೆ ನಿರ್ಣಯಿಸಿದ ಅಲೊಂಝೊ ಚರ್ಚ್ ಇದೇ ವೇತನದ ಆಸರೆಯಿಂದ ಹಾರ್ವರ್ಡ್, ಗಟಿಂಗೆನ್, ಆಮ್‌ಸ್ಟರ್‌ಡಾಮ್‌ಗಳಲ್ಲಿ ಎರಡು ವರ್ಷಗಳನ್ನು ಕಳೆದು ಬಂದವರು. ಮಡಿಯಲ್ಲಿ ಬೆಳೆದ ಪೈರನ್ನು ಕಿತ್ತು ಬೇರೆಯ ಗದ್ದೆಯಲ್ಲಿ ನಾಟಿಮಾಡಿದಲ್ಲದೆ ಅದು ತೆನೆಗಟ್ಟದೆಂಬ ರೈತನ ಅರಿವೇ ಈ ಏರ್ಪಾಡಿನ ಮೂಲದಲ್ಲಿಯೂ ಇದೆ.

ಇತ್ತೀಚಿನ ಒಂದು ನಿದರ್ಶನವನ್ನು ತುಸು ವಿಸ್ತಾರವಾಗಿಯೇ ಹೇಳತಕ್ಕದ್ದು. ಪರಸ್ಪರ ಪರಿಚಿತರಾದ ನಾಲ್ವರೋ, ಪರಸ್ಪರ ಅಪರಿಚಿತರಾದ ಬಹುಮಂದಿಯೋ ಇದ್ದೇ ಇರಬೇಕಾದರೆ ಕೂಟವು ಎಷ್ಟು ದೊಡ್ಡದಾಗಿರಬೇಕು? ಅಪರಿಚಿತರ ಸಂಖ್ಯೆ ಬೆಳೆದಂತೆ ಕೂಟದ ಸಂಖ್ಯೆಯು ಹೆಚ್ಚುಕಡಮೆ ಅದರ ಘನಕ್ಕೆ ಅನುಗುಣವಾಗಿ ಬೆಳೆಯುವುದೆಂದು ಪಾಲ್ ಏರ್ಡಿಶ್ ಊಹಿಸಿ, ಸಾಧಿಸಿದವರಿಗೆ 250 ಡಾಲರುಗಳ ಬಹುಮಾನವನ್ನೂ ಸಾರಿದ್ದರು. ಘನವನ್ನು ಮೀರದೆಂಬ ಒಂದು ಪಾರ್ಶ್ವವನ್ನು ಹಂಗೆರಿಯ ಐತಾಯ್, ಕೋಮ್ಲೋಶ್, ಸೆಮೆರೆಡಿ 1980ರಲ್ಲಿಯೇ ತೋರಿಸಿದ್ದರೂ, ಘನದ ಸಮೀಪಕ್ಕೆ ಬಂದೇ ಬರುವುದೆಂಬ ಮತ್ತೊಂದು ಪಾರ್ಶ್ವವು ದಶಕಗಳ ಕಾಲ ಯಾರ ಕೈಗೂ ದಕ್ಕಲಿಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋದಲ್ಲಿ ಪ್ರಾಧ್ಯಾಪಕರಾಗಿದ್ದ ಜಾಕ್ ವೆರ್ಸ್ಟ್ರಾಟೆ, ಯಾದೃಚ್ಛಿಕದಂತೆ ತೋರುವ ಆದರೆ ನಿಯಮಬದ್ಧವಾದ ಗ್ರಾಫೊಂದು ದೊರೆತರೆ ಈ ಗಂಟು ಬಿಡುವುದೆಂದು ಅರಿತಿದ್ದರು. ಆದರೆ ಅಂತಹ ಗ್ರಾಫು ಎಲ್ಲಿದೆಯೆಂಬುದು ತಿಳಿಯದಾಗಿತ್ತು. ಪರಿಮಿತ ಬಿಂದುಗಳ ಜ್ಯಾಮಿತಿಯಲ್ಲಿ ಬೆಲ್ಜಿಯಮ್‌ನಲ್ಲಿ ಪರಿಣತಿ ಪಡೆದ ಸ್ಯಾಮ್ ಮ್ಯಾಥೇಯುಸ್ ಅಲ್ಲಿಗೆ ಪೋಸ್ಟ್‌ಡಾಕ್ ಆಗಿ ಬಂದಾಗ, ತನ್ನ ಶಾಸ್ತ್ರದಲ್ಲಿ ಹರ್ಮಿಷಿಯನ್ ಯೂನಿಟಲ್ ಎಂದು ಪ್ರಸಿದ್ಧವಾದ ರಚನೆಯೊಂದರಿಂದ ಆ ಗ್ರಾಫನ್ನು ಪಡೆಯಬಹುದೆಂಬುದು ವಿದಿತವಾಯಿತು. 2023ರಲ್ಲಿ ಇಬ್ಬರೂ ಕೂಡಿ ಸಾಧಿಸಿದ ಆ ಫಲವು ಮರುವರ್ಷ ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಜ್ಯಾಮಿತಿಜ್ಞನು ಬ್ರಸೆಲ್ಸಿನಲ್ಲಿಯೂ ಗ್ರಾಫ್‌ಜ್ಞನು ಸ್ಯಾನ್ ಡಿಯೇಗೋದಲ್ಲಿಯೂ ತಮ್ಮತಮ್ಮ ಪಾಡಿಗೆ ಕುಳಿತಿದ್ದರೆ ಅದು ಆಗುತ್ತಿತ್ತೆಂದು ಹೇಳಲು ಧೈರ್ಯ ಸಾಲದು.

ಮತ್ತೊಂದು ನಿದರ್ಶನವು ವಯಸ್ಸು ಮೀರಿತೆಂದು ನಿರಾಶರಾದವರಿಗೆ ಹೇಳಿದಂತಿದೆ. ಯಾದೃಚ್ಛಿಕ ಗ್ರಾಫಿನಲ್ಲಿ ಗೆರೆಗಳು ಎಷ್ಟು ದಟ್ಟವಾದಾಗ ಒಂದು ನಿರ್ದಿಷ್ಟ ರಚನೆಯು ಥಟ್ಟನೆ ಕಾಣಿಸಿಕೊಳ್ಳುವುದೆಂಬುದನ್ನು ಕುರಿತು ಕಾನ್ ಮತ್ತು ಕಲಾಯ್ 2006ರಲ್ಲಿ ಮುಂದಿಟ್ಟ ಊಹೆಯನ್ನು, ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟೋತ್ತರ ಹುದ್ದೆಯಲ್ಲಿದ್ದ ಜಿನ್‌ಯಂಗ್ ಪಾರ್ಕ್ ಅಲ್ಲಿಯ ವಿದ್ಯಾರ್ಥಿ ಹುಯ್ ತುವಾನ್ ಫಾಮ್‌ರೊಡನೆ 2022ರಲ್ಲಿ ಕೆಲವೇ ಪುಟಗಳಲ್ಲಿ ಸಾಧಿಸಿದರು. ಆಕೆ ಸಂಶೋಧನೆಗೆ ಬರುವುದಕ್ಕೆ ಮೊದಲು ಸೋಲ್ ನಗರದಲ್ಲಿ ಹಲವು ವರ್ಷ ಶಾಲಾ ಉಪಾಧ್ಯಾಯಿನಿಯಾಗಿದ್ದವರು.

ಬಾಗಿಲುಗಳು ಎಲ್ಲಿವೆ

ಭಾರತದೊಳಗೆ ಗಣಿತದವರಿಗೆ ಪರಮಾಣು ಶಕ್ತಿ ಇಲಾಖೆಯ ಆಶ್ರಯದ ರಾಷ್ಟ್ರೀಯ ಉಚ್ಚ ಗಣಿತ ಮಂಡಲಿಯು, ಎಂದರೆ ಎನ್‌ಬಿಎಚ್‌ಎಂ, ಡಾಕ್ಟರೇಟೋತ್ತರ ಫೆಲೋಶಿಪ್ಪುಗಳನ್ನು ಕೊಡುತ್ತದೆ. ಹಿಂದೆ ಸರ್ಬ್ ಎಂದು ಹೆಸರಾಗಿದ್ದು, 2023ರ ಕಾಯಿದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದಲ್ಲಿ ಲೀನವಾದ ಮಂಡಲಿಯ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷಗಳ ಅವಧಿಯದು. ಅದಕ್ಕೆ 35 ವರ್ಷಗಳ ವಯೋಮಿತಿಯೂ, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ ಸಡಿಲಿಕೆಯೂ ರೂಢಿಯಲ್ಲಿದ್ದು, ಇಂತಹ ನಿಯಮಗಳು ಕಾಲಕಾಲಕ್ಕೆ ತಿದ್ದಲ್ಪಡುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಪ್ರಮಾಣವೆಂದು ಹಿಡಿಯಬೇಕು. ಇವಲ್ಲದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಹೆಸರಿನ ಫೆಲೋಶಿಪ್ಪುಗಳಿವೆ. ಬೆಂಗಳೂರಿನಲ್ಲಿಯೇ ಇರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಕೇಂದ್ರಗಳು, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಮೊದಲಾದವು ತಾವೇ ಆರಿಸಿಕೊಳ್ಳುವ ಸ್ಥಾನಗಳಿವೆ. ಚೆನ್ನೈನ ಈ ಸಂಸ್ಥೆಗೂ ನಾರ್ವೆಯ ಬೆರ್ಗೆನ್ ವಿಶ್ವವಿದ್ಯಾಲಯಕ್ಕೂ ಅಲ್ಗಾರಿದಮ್‌ಗಳ ವಿಷಯದಲ್ಲಿ ನಿಕಟ ಸಂಬಂಧವುಂಟು. ಗ್ರಾಫಿನ ದುಸ್ಸಾಧ್ಯ ಸಮಸ್ಯೆಗಳನ್ನು ಯಾವ ಅಳತೆಯು ಚಿಕ್ಕದಾಗಿದ್ದರೆ ಬಿಡಿಸಬಹುದೆಂಬುದನ್ನು ವಿವೇಚಿಸುವ ಪ್ರಕರಣದ ಆಧಾರಗ್ರಂಥವು 2015ರಲ್ಲಿ ಹೊರಬಂದಾಗ, ಪೋಲೆಂಡ್, ನಾರ್ವೆ, ಹಂಗೆರಿ, ಭಾರತಗಳಲ್ಲಿ ಚದುರಿಕೊಂಡಿದ್ದ ಎಂಟು ಮಂದಿ ಅದರ ಕರ್ತೃಗಳಾಗಿದ್ದರು.

ಹೊರದೇಶಗಳಲ್ಲಿ ಯೂರೋಪಿನ ಒಕ್ಕೂಟವು ಕೊಡುವ ಮಾರೀ ಸ್ಕ್ಲೊಡೊವ್‌ಸ್ಕ ಕ್ಯೂರಿ ಫೆಲೋಶಿಪ್ ಯಾವ ರಾಷ್ಟ್ರದವರಿಗೂ ತೆರೆದಿದೆ. ಪಿಎಚ್.ಡಿ. ಪಡೆದ ಮೇಲಿನ ಸಂಶೋಧನೆಯ ಅನುಭವವು ಎಂಟು ವರ್ಷಗಳನ್ನು ಮೀರಿರಕೂಡದು. ಹೋಗಬಯಸುವ ದೇಶದಲ್ಲಿ ಹಿಂದಿನ 36 ತಿಂಗಳುಗಳ ಪೈಕಿ 12ಕ್ಕಿಂತ ಹೆಚ್ಚು ತಿಂಗಳು ವಾಸವಾಗಿರಕೂಡದು. ಅಲ್ಲಿಯ ಪ್ರಾಧ್ಯಾಪಕರೊಬ್ಬರು ಜೊತೆಗೂಡಿ ಅರ್ಜಿಯನ್ನು ಸಿದ್ಧಪಡಿಸಬೇಕು. ಸ್ಥಳ ಬದಲಿಸಿದವನಿಗಷ್ಟೇ ಧನ ಎಂಬ ಈ ನಿಬಂಧನೆಯಲ್ಲಿ ಆ ಯೋಜನೆಯ ತತ್ತ್ವವೇ ಅಡಗಿದೆ. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ್ದು ಮತ್ತೊಂದು ಗೌರವಾನ್ವಿತ ಮಾರ್ಗ. ಬುಡಾಪೆಸ್ಟಿನಲ್ಲಿ 1950ರಲ್ಲಿ ಸ್ಥಾಪಿತವಾದ ರೇನಿ ಸಂಸ್ಥೆ, ಪ್ರಾಗಿನ ಚಾರ್ಲ್ಸ್ ವಿಶ್ವವಿದ್ಯಾಲಯ, ಇಂಗ್ಲೆಂಡಿನ ವಾರಿಕ್, ಕೆನಡದ ವಾಟರ್‌ಲೂ ಇವು ಈ ಶಾಸ್ತ್ರದ ತೀರ್ಥಕ್ಷೇತ್ರಗಳು. ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ 2018ರ ಕೊನೆಯಲ್ಲಿ ಸಾಂಗ್-ಇಲ್ ಊಮ್ ಅವರ ನೇತೃತ್ವದಲ್ಲಿ ಆರಂಭವಾದ ವಿವಿಕ್ತ ಗಣಿತದ ತಂಡವು ಅಲ್ಪಕಾಲದಲ್ಲಿಯೇ ನಾನಾ ದೇಶಗಳ ತರುಣರನ್ನು ಕೂಡಿಸಿಕೊಂಡಿದೆ. ಅಮೆರಿಕದಲ್ಲಿ ಬಹುತೇಕ ಹುದ್ದೆಗಳಿಗೆ ಅಲ್ಲಿಯ ಗಣಿತ ಸಂಘವು ನಡೆಸುವ ಮ್ಯಾಥ್‌ಜಾಬ್ಸ್ ಜಾಲತಾಣದ ಮೂಲಕ ಶರತ್ಕಾಲದಲ್ಲಿ ಅರ್ಜಿ ಸಲ್ಲಿಸಬೇಕು. ಉತ್ತರಗಳು ಜನವರಿ, ಫೆಬ್ರವರಿಗಳಲ್ಲಿ ಬಂದು, ಕೆಲಸವು ಆಗಸ್ಟ್ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಪದವಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿತವಾಗಿಯೇ ಹೊರಡುವ ಸಿದ್ಧತೆ ನಡೆಯಬೇಕೆಂಬುದು ಇದರಿಂದ ಸ್ಪಷ್ಟ.

ಗಣನ ವಿಜ್ಞಾನದ ಕಡೆಯ ಹುದ್ದೆಗಳ ರೀತಿ ಬೇರೆ. ಅಲ್ಲಿ ವ್ಯಕ್ತಿಯ ಸ್ವಂತ ಯೋಜನೆಗಿಂತ ಪ್ರಾಧ್ಯಾಪಕರಿಗೆ ದೊರೆತ ಅನುದಾನವೇ ಹೆಚ್ಚಾಗಿ ಹುದ್ದೆಯನ್ನು ಹುಟ್ಟಿಸುತ್ತದೆ. ಮಿದುಳಿನ ನರಜಾಲ, ವಿದ್ಯುತ್ ಸರಬರಾಜಿನ ಜಾಲ, ಪ್ರೋಟೀನುಗಳ ಪರಸ್ಪರ ಕ್ರಿಯೆ, ಸಾಂಕ್ರಾಮಿಕದ ಪ್ರಸಾರ ಇತ್ಯಾದಿ ನಿಶ್ಚಿತ ವಿಷಯವೊಂದು ಮೊದಲೇ ಗೊತ್ತಾಗಿರುತ್ತದೆ. ಸ್ವಾತಂತ್ರ್ಯ ಕೊಂಚ ಕಡಿಮೆ, ಅವಕಾಶಗಳ ಸಂಖ್ಯೆ ಹೆಚ್ಚು. ಪ್ರಮೇಯವನ್ನು ಸಾಧಿಸಲು ಬಲ್ಲವನಿಗೆ ಕ್ರಮವಿಧಿ ಬರೆಯಲೂ ಬಂದರೆ ಎರಡು ಕಡೆಯ ಬಾಗಿಲೂ ತೆರೆಯುತ್ತದೆ.

ಅರ್ಜಿ ಮತ್ತು ಅದರ ಹಿಂದಿನ ಸಿದ್ಧತೆ

ಅರ್ಜಿಯಲ್ಲಿ ಸಾಮಾನ್ಯವಾಗಿ ಕೇಳುವುದು ವಿದ್ಯಾವಿವರ, ಪ್ರಕಟಿತ ಲೇಖನಗಳ ಪಟ್ಟಿ, ಮುಂದಿನ ಸಂಶೋಧನೆಯ ಸಂಕಲ್ಪಪತ್ರ ಮತ್ತು ಮೂವರು ವಿದ್ವಾಂಸರ ಅಭಿಪ್ರಾಯಪತ್ರಗಳು. ನಮ್ಮ ಅನೇಕ ಅಭ್ಯರ್ಥಿಗಳು ಸೋಲುವುದು ಕಡೆಯ ಎರಡರಲ್ಲಿ. ಮಾರ್ಗದರ್ಶಕರೊಬ್ಬರನ್ನು ಬಿಟ್ಟರೆ ತಮ್ಮ ಕೆಲಸವನ್ನು ಓದಿ ಬಲ್ಲವರು ಮತ್ತಾರೂ ಇಲ್ಲವೆಂಬ ಸ್ಥಿತಿಯನ್ನು ಪಿಎಚ್.ಡಿ.ಯ ನಡುವಿನ ವರ್ಷಗಳಲ್ಲಿಯೇ ತಪ್ಪಿಸಿಕೊಳ್ಳಬೇಕು. ಸಮ್ಮೇಳನಗಳಲ್ಲಿ ಪ್ರಬಂಧ ಓದಿ ಇಳಿದುಬರುವುದಕ್ಕಿಂತ, ಇತರರ ಪ್ರಬಂಧವನ್ನು ಮೊದಲೇ ಓದಿ ಹೋಗಿ ಒಂದು ಸಾರ್ಥಕ ಪ್ರಶ್ನೆ ಕೇಳುವುದು ಈ ಉದ್ದೇಶಕ್ಕೆ ಹೆಚ್ಚು ಅನುಕೂಲ.

ಸಂಕಲ್ಪಪತ್ರದ ವಿಷಯದಲ್ಲಿ ಒಂದು ಕಟುಸತ್ಯವನ್ನು ಹೇಳದೆ ವಿಧಿಯಿಲ್ಲ. ನಮ್ಮ ಪ್ರಾಂತದ ವಿಶ್ವವಿದ್ಯಾಲಯಗಳಲ್ಲಿ ಗ್ರಾಫ್ ಸಿದ್ಧಾಂತದ ಪಿಎಚ್.ಡಿ.ಗಳು ಹೇರಳವಾಗಿಯೇ ಬರುತ್ತಿವೆ. ಆದರೆ ಹಳೆಯ ವ್ಯಾಖ್ಯೆಗೆ ಒಂದು ವಿಶೇಷಣವನ್ನು ಜೋಡಿಸಿ ಹೊಸ ಅಂಕವನ್ನು ಕಲ್ಪಿಸಿ, ಪಥ, ಚಕ್ರ, ವೃಕ್ಷಗಳಂತಹ ಪರಿಚಿತ ಗ್ರಾಫುಗಳಿಗೆ ಅದರ ಬೆಲೆಯನ್ನು ಲೆಕ್ಕಹಾಕಿ ನಿಲ್ಲಿಸುವ ಪರಿಪಾಠವೂ ಅವುಗಳಲ್ಲಿ ಬೇರೂರಿದೆ. ವ್ಯಾಖ್ಯೆಯನ್ನು ಹೊಸದಾಗಿ ಮಾಡುವುದು ದೋಷವಲ್ಲ. ಸಂಬದ್ಧ ಪ್ರಾಬಲ್ಯವೂ ಒಂದು ಕಾಲಕ್ಕೆ ಹೊಸ ವ್ಯಾಖ್ಯೆಯೇ. ಆ ವ್ಯಾಖ್ಯೆಯಿಂದ ಯಾವ ಪ್ರಶ್ನೆ ಬಿಡುತ್ತದೆ, ಯಾವ ಹೊಸ ಪ್ರಶ್ನೆ ಹುಟ್ಟುತ್ತದೆ ಎಂಬುದನ್ನು ಒಂದು ಪುಟದಲ್ಲಿ ಹೇಳಬಲ್ಲವನಿಗೆ ಅನ್ಯದೇಶದ ತಜ್ಞನೂ ಕಿವಿಗೊಡುತ್ತಾನೆ. ಎರಡು ಗ್ರಾಫುಗಳ ಗುಣಲಬ್ಧದ ಪ್ರಾಬಲ್ಯಸಂಖ್ಯೆಯು, ಎಂದರೆ ಅದರಲ್ಲಿ ಆಯಬೇಕಾದ ಬಿಂದುಗಳ ಕನಿಷ್ಠ ಸಂಖ್ಯೆಯು, ಅವೆರಡರ ಪ್ರಾಬಲ್ಯಸಂಖ್ಯೆಗಳ ಗುಣಲಬ್ಧಕ್ಕೆ ಕಡಿಮೆಯಾಗದೆಂದು ವೈಜಿಂಗ್ 1968ರಲ್ಲಿ ಮಾಡಿದ ಊಹೆ ಇಂದಿಗೂ ತೀರ್ಮಾನವಾಗಿಲ್ಲ. ಅಂತಹ ಒಂದು ಪ್ರಶ್ನೆಯ ಸುತ್ತ ಐದು ವರ್ಷ ತಿರುಗಿ ಅಲ್ಪವನ್ನೇ ಸಾಧಿಸಿದವನು, ಐವತ್ತು ಅಂಕಗಳ ಬೆಲೆ ಕಟ್ಟಿದವನಿಗಿಂತ ಮುಂದೆ ಹೋದಾನು. ಯಂತ್ರದ ಕಡೆಯ ಸಿದ್ಧತೆಗೆ ಹಣದ ಅಡಚಣೆಯೇನೂ ಇಲ್ಲ. ಬ್ರೆಂಡನ್ ಮೆಕೇ ರಚಿಸಿದ ನಾಟಿ, ವಿಲಿಯಮ್ ಸ್ಟೈನ್ 2005ರಲ್ಲಿ ಆರಂಭಿಸಿದ ಸೇಜ್ ಎಂಬ ತಂತ್ರಾಂಶಗಳು ಯಾರಿಗೂ ಉಚಿತವಾಗಿ ದೊರೆಯುತ್ತವೆ. ಪ್ರಮೇಯವನ್ನು ಸಾಧಿಸಹೊರಡುವ ಮೊದಲು ಸಣ್ಣ ಗ್ರಾಫುಗಳನ್ನೆಲ್ಲ ಅವುಗಳಿಂದ ಶೋಧಿಸಿ, ಊಹೆಗೆ ಅಪವಾದವುಂಟೇ ಎಂದು ನೋಡುವ ಅಭ್ಯಾಸವು ಚಿಕ್ಕ ಊರಿನ ಕಾಲೇಜಿನಲ್ಲಿದ್ದುಕೊಂಡೇ ಸಾಧ್ಯ.

ಈ ಮಾರ್ಗದ ಕ್ಲೇಶಗಳನ್ನೂ ಮರೆಮಾಚಬಾರದು. ಎರಡು ವರ್ಷಗಳ ಹುದ್ದೆಯಲ್ಲಿ ಎರಡನೆಯ ವರ್ಷವು ಮುಂದಿನ ಹುದ್ದೆಯ ಅರ್ಜಿಗಳಲ್ಲಿಯೇ ಕಳೆಯುವುದುಂಟು. ವಿವಾಹ, ಮಕ್ಕಳ ಶಿಕ್ಷಣ, ವೃದ್ಧ ಮಾತಾಪಿತೃಗಳ ಆರೈಕೆ ಇವೆಲ್ಲ ಇದೇ ವಯಸ್ಸಿನಲ್ಲಿ ಬರುವುದರಿಂದ ಭಾರವು ಸ್ತ್ರೀಯರ ಮೇಲೆ ಅಧಿಕವಾಗಿ ಬೀಳುತ್ತದೆ. ಒಂದರ ಹಿಂದೊಂದರಂತೆ ಮೂರು, ನಾಲ್ಕು ಹುದ್ದೆಗಳನ್ನು ಕಂಡೂ ನೆಲೆ ಸಿಗದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆದುದರಿಂದ ಆಹ್ವಾನವೊಂದು ಬಂದಾಗ ಸಂಸ್ಥೆಯ ಕೀರ್ತಿಯನ್ನೂ ವೇತನವನ್ನೂ ವಿಚಾರಿಸಿದಷ್ಟೇ ಎಚ್ಚರದಿಂದ ಮತ್ತೊಂದನ್ನೂ ವಿಚಾರಿಸಬೇಕು: ತನಗೆ ಬಾರದ ಯಾವ ವಿದ್ಯೆಯು ಅಲ್ಲಿದೆ, ಅವರಿಗೆ ಬಾರದ ಯಾವುದನ್ನು ತಾನು ಒಯ್ಯಬಲ್ಲೆ? ಎರಡಕ್ಕೂ ಉತ್ತರವಿದ್ದರೆ ಅಲ್ಪಕೀರ್ತಿಯ ಸಂಸ್ಥೆಯೂ ಸಾರ್ಥಕ. ಎರಡಕ್ಕೂ ಇಲ್ಲದಿದ್ದರೆ ಮಹಾಸಂಸ್ಥೆಯಲ್ಲಿಯೂ ಹಳೆಯ ಪ್ರಬಂಧದ ಮುಂದಿನ ಅಧ್ಯಾಯಗಳನ್ನಷ್ಟೇ ಬರೆದಂತಾದೀತು.

ಅವಕಾಶವೆಂದೊಡನೆ ಹೊರಡುವುದನ್ನೇ ನೆನೆಯುವ ನಾವು ಬರಮಾಡಿಕೊಳ್ಳುವುದನ್ನು ನೆನೆಯುವುದು ಅಪರೂಪ. ರಾಷ್ಟ್ರೀಯ ಫೆಲೋಶಿಪ್ಪಿನ ದ್ರವ್ಯವು ಅಭ್ಯರ್ಥಿಯೊಡನೆಯೇ ಬರುತ್ತದೆ. ಮಾನ್ಯತೆಯುಳ್ಳ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಮಾರ್ಗದರ್ಶನಕ್ಕೆ ಒಪ್ಪಿದರೆ ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರುಗಳ ವಿಭಾಗಗಳೂ ಅದಕ್ಕೆ ನೆಲೆಯಾಗಬಹುದು. ಬೇರೆಡೆಯಲ್ಲಿ ಅಲ್ಗಾರಿದಮ್‌ಗಳನ್ನೋ ಪರಿಮಿತ ಜ್ಯಾಮಿತಿಯನ್ನೋ ಕಲಿತು ಬಂದ ತರುಣನೊಬ್ಬನು, ತರುಣಿಯೊಬ್ಬಳು, ಎರಡು ವರ್ಷ ಅಂತಹ ವಿಭಾಗದಲ್ಲಿದ್ದು ವಾರಕ್ಕೊಂದು ಗೋಷ್ಠಿ ನಡೆಸಿದರೆ, ಅಲ್ಲಿಯ ಹತ್ತು ಮಂದಿ ಸಂಶೋಧನ ವಿದ್ಯಾರ್ಥಿಗಳು ಊರು ಬಿಡದೆಯೇ ಮತ್ತೊಂದು ಶಾಸ್ತ್ರದ ಮಾತನ್ನು ಕಲಿಯುತ್ತಾರೆ. ಅದಕ್ಕೆ ಬೇಕಾದುದು ಕಟ್ಟಡವಲ್ಲ, ಮಹಾಗಣಕವಲ್ಲ. ಸಮ್ಮತಿಯ ಒಂದು ಪತ್ರಕ್ಕೆ ಸಹಿ ಹಾಕುವ ಪ್ರಾಧ್ಯಾಪಕ, ಅದಕ್ಕೆ ಸಕಾಲದಲ್ಲಿ ಮೊಹರೊತ್ತುವ ಕಚೇರಿ.